ಮರಿಸಿದ್ದಯ್ಯನ ಎಡೆ

ಮರಿಸಿದ್ದಯ್ಯನಿಗೆ ಕರೆಂಟು ಹೊಡೆಯುತ್ತಿರಲಿಲ್ಲ. ಮದ್ದೂರಿನಲ್ಲಿ ನಜೀರ್ ಅಹ್ಮದರ ಮೋಟಾರ್ ರಿಪೇರಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ. ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟಾರು ತಂದರೆ ಹಳೇ ತಂತಿ ಕಿತ್ತು ಹೊಸದು ಸುತ್ತುವುದು ಅವನ ಕೆಲಸ. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಅಂತ ಬೇರೆಯವರು ಟೆಸ್ಟರ್ ಇಟ್ಟು ನೋಡಿದರೆ ಇವನು ಬೆರಳಿಟ್ಟು ನೋಡುತ್ತಿದ್ದ. ಹೆಂಡತಿ ಚಿಕ್ಕಬೋರಮ್ಮ ಬೈದು ಬೈದು ಸಾಕಾಗಿ ಬಿಟ್ಟಿದ್ದಳು. ಅವನ ಬೆರಳ ತುದಿ ನುಣ್ಣಗಿತ್ತು, ಗೆರೆಯೇ ಇರಲಿಲ್ಲ. ರೇಷನ್ ಅಂಗಡಿಯ ಮಿಷನ್ನು ಒಂದು ದಿನವೂ ಅವನ ಹೆಬ್ಬೆಟ್ಟು ಒಪ್ಪಲಿಲ್ಲ. ಅಕ್ಕಿಗೆ ಅವಳೇ ಹೋಗಬೇಕಿತ್ತು.

ಎಲ್ಲಿಯವನು ಅಂತ ಯಾರಿಗೂ ಗೊತ್ತಿಲ್ಲ. ಆತಗೂರಿನ ಕರಿಯಯ್ಯನ ಆಲೆಮನೆಯಲ್ಲಿ ಒಂದು ಬೆಳಿಗ್ಗೆ ಕಬ್ಬಿನ ಸಿಪ್ಪೆ ರಾಶಿ ಮೇಲೆ ಮಲಗಿದ್ದ. ಆಗ ನಾಲ್ಕೋ ಐದೋ ವರ್ಷದ ಹುಡುಗ. ಹೆಸರು ಕೇಳಿದರೆ ಬೆಲ್ಲ ಕೇಳಿದ. ಕರಿಯಯ್ಯ ಸುತ್ತಲ ಊರೆಲ್ಲ ವಿಚಾರಿಸಿದ, ಪೊಲೀಸ್ ಸ್ಟೇಷನ್ನಿಗೂ ಹೋಗಿಬಂದ. ಯಾರೂ ಬರಲಿಲ್ಲ. ತನ್ನ ಅಪ್ಪನ ಹೆಸರಿಟ್ಟು ಸಾಕಿಕೊಂಡ.

ನಜೀರ್ ಅಹ್ಮದರ ಮಗಳು ಅಂಜುಮ್ ಚಿತ್ರ ಬರೆಯುತ್ತಾಳೆ. ಹೋದ ವರ್ಷ ಮಂಡ್ಯದಲ್ಲಿ ಒಂದು ಕಾಮಿಕ್ಸ್ ಪುಸ್ತಕ ಅಚ್ಚು ಹಾಕಿಸಿದಳು. ಅದರ ತುಂಬ ಹುಟ್ಟುತ್ತಲೇ ವಿಚಿತ್ರ ಶಕ್ತಿ ಬಂದ ಜನ. ಹನ್ನೊಂದನೇ ಪುಟದಲ್ಲಿ ನೀಲಿ ಮುಖದವನೊಬ್ಬ ಬರುತ್ತಾನೆ, ತುಂಡಾದ ಲೈನನ್ನು ಬರಿಗೈಲಿ ಹಿಡಿದು ಊರಿಗೆ ಕರೆಂಟು ಕೊಡುತ್ತಾನೆ, ಹೋಗುತ್ತಾನೆ. ಎಲ್ಲಿಂದ ಬಂದ ಅಂತ ಪುಸ್ತಕದಲ್ಲೂ ಇಲ್ಲ. ಮೀಸೆ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು ಎಲ್ಲ ಮರಿಸಿದ್ದಯ್ಯನದೇ.

“ನಾಕೇ ಚಿತ್ರಕ್ಕೆ ಓಡಿಸ್ಬುಟ್ಟಲ್ಲವ್ವ ನನ್ನ,” ಅಂದ.

“ಎಲ್ಲಿಂದ ಬಂದ್ರಿ ಅಂತ ಹೇಳಿ ಅಣ್ಣ, ಇನ್ನಾಲ್ಕು ಪುಟ ಬರೀತೀನಿ.”

“ಅದ್ ಗೊತ್ತಿದ್ದಿದ್ರೆ ನಿಮ್ಮಪ್ಪನ ತಾವ್ ಯಾಕ್ ಬೈಸ್ಕಂಡ್ ಇರ್ತಿದ್ದೆ?”

ಯುಗಾದಿ ಕಳೆದ ಮೇಲೆ ಕಾಮಾಲೆ ಬಂತು. ಕರೆಂಟೂ ಏನೂ ಮಾಡದವನನ್ನು ಒಂಬತ್ತು ದಿನಕ್ಕೆ ಮುಗಿಸಿತು.

ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರ ಫೋಟೋ ಸಾಲಾಗಿಟ್ಟು, ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನು ಎಡೆ ಹಾಕಬೇಕು. ಇಡುವವನು ಮನೆಯ ಗಂಡಸು. ಚಿಕ್ಕಬೋರಮ್ಮನಿಗೆ ಮಕ್ಕಳಿಲ್ಲ. ಆತಗೂರಿನ ಮನೆಯಲ್ಲಿ ಸಿಗದಿದ್ದರೆ ಅವನಿಗೆ ಇನ್ನೆಲ್ಲೂ ಎಡೆ ಇಲ್ಲ. ಹೊಸ ಪಂಚೆ ಹಿಡಿದು ಬಸ್ಸು ಹತ್ತಿದಳು. ಫೋಟೋ ಅಂತ ಇದ್ದದ್ದು ಆಧಾರ್ ಕಾರ್ಡಿನದೊಂದೇ. ಅದರಲ್ಲಿ ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಹನ್ನೊಂದನೇ ಪುಟಕ್ಕೆ ಕಟ್ಟು ಹಾಕಿಸಿ ತಂದಿದ್ದಳು.

ಕರಿಯಯ್ಯ ಸತ್ತು ಆರು ವರ್ಷ. ಈಗ ಎಡೆ ಇಡುವವನು ಅವನ ಸ್ವಂತ ಮಗ ರವಿಚಂದ್ರ.

“ಬೇಜಾರ್ ಮಾಡ್ಕಬ್ಯಾಡ ಅತ್ಗೆ,” ಅಂದ. “ಇದು ನಮ್ಮ ಒಕ್ಕಲ ಎಡೆ, ನಮ್ ವಂಸದೋರ್ಗೆ. ಅಣ್ಣ ಯಾವ ಒಕ್ಕಲೋ ಏನೋ. ಆಚೆ ಜಗಲಿ ಮ್ಯಾಲೆ ಇಟ್ಬುಡು.”

“ಯಾಕಪ್ಪ? ಈ ಮನೆಗೆ ವೈರಿಂಗ್ ಮಾಡ್ದಾಗ ಜಗಲಿ ಮ್ಯಾಲೇ ಕುಂತಿದ್ರಾ?”

“ಅದು ಬ್ಯಾರೆ, ಇದು ಬ್ಯಾರೆ.”

ಅವಳು ಪಂಚೆಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತೇ ಇದ್ದಳು. ಹೋಗಲೂ ಇಲ್ಲ, ಕೂರಲೂ ಇಲ್ಲ.

ಕರಿಯಯ್ಯನ ಹೆಂಡತಿ ಬೆಟ್ಟಮ್ಮ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಮಂದ, ಕಿವಿ ಚುರುಕು.

“ಲಾ ರವಿ, ನಿಮ್ಮಪ್ಪ ಜೀವ ಬುಡುವಾಗ ಬಾಯ್ಗೆ ನೀರು ಬುಟ್ಟೋನು ಯಾರ್ಲಾ?”

ಕಡೇ ನೀರು ಬಿಡಬೇಕಾದವನು ಮಗ. ಆವತ್ತು ರವಿಚಂದ್ರ ಮಳವಳ್ಳಿಗೆ ಬೀಗರ ಊಟಕ್ಕೆ ಹೋಗಿದ್ದ.

“ನೀನು ಬಾಡೂಟ ಉಂಡ್ಕಂಡ್ ಬರೋ ಒತ್ಗೆ ಎಲ್ಲಾ ಮುಗ್ದಿತ್ತು. ನಿಮ್ಮಪ್ಪ ನುಂಗಿದ್ದು ಮರಿಸಿದ್ದಯ್ಯ ಬುಟ್ಟ ನೀರ್ನ. ಅದನ್ನ ಈಗ ವಾಪಸ್ ಈಸ್ಕತೀಯಾ?”

“ಬುಡವ್ವ, ಅದನ್ಯಾಕೆ ಈಗ.”

“ಈಗ್ಲೇ ಕಣ್ಲಾ. ಎಡೆ ಆರೋಗ್ತದೆ.”

ರವಿಚಂದ್ರ ಟವೆಲಿನಲ್ಲಿ ಮುಖ ಒರೆಸಿಕೊಂಡ. ಅಪ್ಪನ ಫೋಟೋವನ್ನು ಒಂದು ಗೇಣು ಸರಿಸಿದ. “ಇಡು ಅತ್ಗೆ,” ಅಂದ.

ಬೆಟ್ಟಮ್ಮ ಚಿತ್ರವನ್ನು ಈಸಿಕೊಂಡು ಕಣ್ಣಿಗೆ ಹತ್ತಿರ ಹಿಡಿದಳು.

“ಮೊಕ ಯಾಕಮ್ಮಿ ನೀಲಿ?”

“ಕರೆಂಟು ಕಣತ್ತೆ.”

“ಊಂ. ಮೀಸೆ ಅವಂದೇಯ.”

ಚಿಕ್ಕಬೋರಮ್ಮ ಚಿತ್ರವನ್ನು ಕರಿಯಯ್ಯನ ಪಕ್ಕ ಒರಗಿಸಿದಳು. ರವಿಚಂದ್ರ ಅದರ ಮುಂದೆ ಪಂಚೆ ಇಟ್ಟ, ಮುದ್ದೆ, ಬಾಡಿನ ಸಾರು ಬಡಿಸಿದ. ಅವಳು ಸೆರಗಿನ ಗಂಟು ಬಿಚ್ಚಿ, ಒಂದಚ್ಚು ಬೆಲ್ಲ ತೆಗೆದು ಎಲೆಯ ತುದಿಗೆ ಇಡು ಅಂತ ಅವನ ಕೈಗೆ ಕೊಟ್ಟಳು.