ಬದಲಾಯಿಸದ ತಾಂಬೂಲ

ಅನು, ಎಲಿಯಾಸ್ ನಿನ್ನನ್ನು ಬಿಟ್ಟುಹೋಗಲಿಲ್ಲ. ನಾನು ಕಳಿಸಿದೆ. ಸುಳ್ಳು ಹೇಳಿ ಕಳಿಸಿದೆ — ನಿನ್ನ ತಾಯಿಯಾದ ನಾನು.

ಎರಡು ಸಾವಿರ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಅಂತ ನಿಮ್ಮಪ್ಪ ಆಫೀಸಿನಲ್ಲೇ ಬಿದ್ದಿದ್ದ ಚಳಿಗಾಲ ಅದು. ನಿನ್ನ ಯೂನಿವರ್ಸಿಟಿಯಲ್ಲಿ ಪೆರು ದೇಶದ ಸಿನಿಮಾ ಹಾಕಿದ್ದರು. ನಿನ್ನ ಜೊತೆ ಓದುತ್ತಿದ್ದ ಎಲಿಯಾಸನನ್ನು ನನಗೆ ಪರಿಚಯ ಮಾಡಿಸಬೇಕು ಅಂತಲೇ ನನ್ನನ್ನು ನಮ್ಮ ಮನೆಯಿದ್ದ ನಾರ್ತ್ ಯಾರ್ಕಿನಿಂದ ಸಬ್‌ವೇಯಲ್ಲಿ ಕರೆದುಕೊಂಡು ಹೋದೆ. ಇಬ್ಬರ ನಡುವೆ ನನ್ನನ್ನು ಕೂರಿಸಿದೆ.

ಸಿನಿಮಾದ ಹುಡುಗ ಪೇಟೆಯವನು, ಸ್ಪ್ಯಾನಿಷ್ ಆಡುವವನು. ಹುಡುಗಿ ಬೆಟ್ಟದವಳು, ಅವಳದು ಕೆಚುವಾ ಭಾಷೆ. ಸ್ಪ್ಯಾನಿಷಿಗೆ ಪರದೆಯ ಕೆಳಗೆ ಇಂಗ್ಲಿಷ್ ಬರುತ್ತಿತ್ತು, ಅವಳ ಮಾತಿಗೆ ಏನೂ ಇರಲಿಲ್ಲ. ಎಲಿಯಾಸನ ಅಜ್ಜಿಯ ಭಾಷೆ ಅದು. ಪಾಪ, ಆ ಹುಡುಗಿ ಬಾಯಿಬಿಟ್ಟಾಗಲೆಲ್ಲ ಅವನು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಅರ್ಥ ಹೇಳುತ್ತಿದ್ದ. ಅವಳನ್ನು ಮದುವೆ ಮಾಡಿಕೊಡುತ್ತೇನೆಂದು ಅವಳ ಅಜ್ಜ ಬೇರೆ ಮನೆಯವರಿಗೆ ಮಾತು ಕೊಟ್ಟಾಗಿದೆ ಅಂತ ತಿಳಿದ ಕೂಡಲೇ ಪೇಟೆಯ ಹುಡುಗ ಗಂಟುಮೂಟೆ ಕಟ್ಟಿದ. ಎಲಿಯಾಸ್ ಕಣ್ಣೊರೆಸಿಕೊಂಡ. "ಅವನು ಮಾಡಿದ್ದು ಸರಿ ಆಂಟೀ. ಹಿರಿಯರು ಕೊಟ್ಟ ಮಾತು ಮುರಿದರೆ ಅವಳ ತಾಯಿ ಊರಲ್ಲಿ ಹೇಗೆ ತಲೆ ಎತ್ತುತ್ತಾಳೆ?"

ಅಲ್ಲೇ ಸಿಕ್ಕಿಬಿದ್ದ. ಇವನನ್ನು ಬೈದು ಓಡಿಸಲಾಗದು, ಮರ್ಯಾದೆಯಿಂದ ಓಡಿಸಬಹುದು — ಈ ಬುದ್ಧಿ ನನಗೆ ಎಲ್ಲಿಂದ ಬಂತೋ.

ಸಿನಿಮಾ ಮುಗಿದು ನೀನು ಬಾಗಿಲಲ್ಲಿ ಒಪ್ಪಿಸಿದ್ದ ಕೋಟುಗಳನ್ನು ತರಲು ಹೋದೆ. ಕ್ಯೂ ಉದ್ದವಿತ್ತು, ನಿನ್ನ ಬೆನ್ನು ಕಾಣುತ್ತಿತ್ತು. ಯಾವ ಕ್ಷಣದಲ್ಲಾದರೂ ನೀನು ತಿರುಗಬಹುದಿತ್ತು. ಆದರೂ ಅವನಿಗೆ ಹೇಳಿದೆ. ನಮ್ಮಲ್ಲೂ ಹಾಗೇನಪ್ಪ, ತಾಂಬೂಲ ಬದಲಾಯಿಸಿಬಿಟ್ಟರೆ ಮುಗಿಯಿತು, ಅದನ್ನು ಮುರಿಯುವ ಹಾಗಿಲ್ಲ. ಅನು ನನ್ನ ತಮ್ಮನಿಗೆ ಅಂತ ಅವಳು ಹುಟ್ಟಿದಾಗಲೇ ಮಾತಾಗಿದೆ, ಹೋದ ವರ್ಷ ಮೈಸೂರಿನಲ್ಲಿ ತಾಂಬೂಲವೂ ಆಯಿತು.

ನನ್ನ ತಮ್ಮ! ನಿನ್ನನ್ನು ಎತ್ತಿ ಆಡಿಸಿದ ರಘು ಮಾಮನ ಹೆಸರನ್ನೇ ಎಳೆದು ತಂದೆನಲ್ಲ. ಆದರೆ ನಮ್ಮಲ್ಲಿ ಸೋದರಮಾವನಿಗೆ ಕೊಡುವ ಪದ್ಧತಿ ಉಂಟು ಅಂತ ನೀನೇ ಎಲಿಯಾಸನಿಗೆ ಯಾವಾಗಲೋ ತಮಾಷೆಗೆ ಹೇಳಿದ್ದೆಯಂತೆ. ಅವನು ನಂಬಿದ.

ಒಂದೇ ಮಾತು ಕೇಳಿದ — "ಅನುಗೆ ಒಪ್ಪಿಗೆ ಇದೆಯಾ?"

"ಇದೆ. ನಿನಗೆ ಹೇಳೋಕೆ ಅವಳಿಗೆ ಮುಖ ಇಲ್ಲ. ನೀನೂ ಕೇಳಬೇಡ, ಅವಳಿಗೆ ಅವಮಾನ."

ಅವನು ಬಗ್ಗಿ ನನ್ನ ಕಾಲು ಮುಟ್ಟಿದ — ನೀನೇ ಕಲಿಸಿದ್ದಿರಬೇಕು — ನೀನು ಬರುವ ಮುಂಚೆ ಹೊರಟುಹೋದ.

ನೀನು ಎಷ್ಟು ಸಲ ಫೋನ್ ಮಾಡಿದೆ. ಅವನು ಎತ್ತಲಿಲ್ಲ, ಕ್ಲಾಸಿನಲ್ಲೂ ನಿನ್ನನ್ನು ತಪ್ಪಿಸಿಕೊಂಡು ತಿರುಗಿದ; ನನ್ನ ಮಾತಿಗೆ ಬೆಲೆ ಕೊಟ್ಟವನು. ನಾನೋ, ನಿನ್ನ ತಟ್ಟೆಗೆ ಸಾರು ಬಡಿಸುತ್ತಾ "ಹೋಗಲಿ ಬಿಡು, ಅಂಥವರ ಬುದ್ಧಿಯೇ ಅಷ್ಟು" ಅಂದೆ. ಆ ಸುಳ್ಳಿಗಿಂತ ಈ ಮಾತು ಹೆಚ್ಚು ಸುಡುತ್ತದೆ.

ಅವನಲ್ಲಿ ಏನು ಕೊರತೆ ಇತ್ತು? ಏನೂ ಇರಲಿಲ್ಲ. ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ನಾಲ್ಕು ಜನ ಏನಂದಾರು — ಅಷ್ಟೇ. ಆ ನಾಲ್ಕು ಜನರಲ್ಲಿ ಇಬ್ಬರ ಮನೆಯಲ್ಲಿ ಈಗ ಬಿಳಿ ಅಳಿಯಂದಿರಿದ್ದಾರೆ. ಕೊಂಡಾಡುತ್ತಾರೆ.

ಹತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಎರಡು ಸಂಬಂಧ ನೀನು ಬೇಡ ಅಂದಾಗಲೂ ನಿನಗೆ ಹಟ ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ. ಹೋದ ಭಾನುವಾರ ಪೋರ್ಟ್ ಕ್ರೆಡಿಟ್ಟಿನ ಸರೋವರದ ದಂಡೆಯಲ್ಲಿ ನಡೆಯುತ್ತಾ ನಾನು ಮತ್ತೆ ಮದುವೆ ಮಾತು ಎತ್ತಿದೆ. ನೀನು ಸಿಟ್ಟಾಗಲಿಲ್ಲ. ನೀರು ನೋಡುತ್ತಾ ಅಂದೆ — "ನನ್ನನ್ನ ಬಿಟ್ಟುಹೋಗೋದು ಜನರಿಗೆ ಈಸಿ, ಅಮ್ಮ."

ಅಯ್ಯೋ ಮಗಳೇ. ಹತ್ತು ವರ್ಷ ನೀನು ಹಾಗೆ ತಿಳಿದುಕೊಂಡೇ ಬದುಕಿದೆಯಾ...

ಇದನ್ನೆಲ್ಲ ಕನ್ನಡದಲ್ಲಿ ಬರೆದಿದ್ದೇನೆ. ನಿನಗೆ ಓದಲು ಬರುವುದಿಲ್ಲ ಅಂತ ಗೊತ್ತಿದ್ದೇ ಬರೆದೆ. ಅದೂ ಕಳ್ಳತನವೇ. ನಾಳೆ ನೀನು ಊಟಕ್ಕೆ ಬರುತ್ತೀಯ. ಬಡಿಸುವ ಮೊದಲು ಬಾಯಿಬಿಟ್ಟು ಹೇಳುತ್ತೇನೆ, ನಿನಗೆ ಒಂದಕ್ಷರವೂ ತಪ್ಪಿಹೋಗದ ಹಾಗೆ ಇಂಗ್ಲಿಷಿನಲ್ಲೇ. ಆಮೇಲೆ ನೀನು ಎದ್ದು ಹೋದರೆ, ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ.