ತಳ ಕೊರೆಯದ ಡ್ರಮ್

ಕರಬಸಪ್ಪನ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನನ್ನ ತಪ್ಪನ್ನು ಎಲ್ಲಿ ಹೇಳಲಿ, ಮೊದಲೋ ಕೊನೆಗೋ ಎಂದು ಯೋಚಿಸಿ ಹಾಳೆ ಮಡಚಿಟ್ಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಆತನಿಗೆ ನಾನು ಸುಳ್ಳು ಹೇಳಿದೆ. ಅದರಿಂದ ಆತನ ಕೆಲಸ ಹೋಗುವುದರಲ್ಲಿತ್ತು.

ಅದು ೨೦೦೬. ಬ್ಯಾಡಗಿಯ ಹೊರಗೆ ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯೊಂದರಲ್ಲಿ, ಹೊಲಸು ನೀರು ಶುದ್ಧ ಮಾಡುವ ಘಟಕವನ್ನು ನನ್ನ ಗಂಡ ಮನೋಹರ ನೋಡಿಕೊಳ್ಳುತ್ತಿದ್ದರು. ಕರಬಸಪ್ಪ ಅವರ ಕೈಕೆಳಗಿನವನು. ಗುತ್ತಲದ ಕಡೆಯಿಂದ ಘಟಕದ ಹೊಂಡ ತೋಡುವ ಕೂಲಿಗೆ ಬಂದು, ಹೊಂಡ ತುಂಬಿದ ಮೇಲೂ ಅಲ್ಲೇ ಉಳಿದಿದ್ದ. ಓದಿದ್ದು ಐದನೇ ಇಯತ್ತೆ. ನೀರಿಗೆ ಹೈಪೋ, ಅಂದರೆ ಕ್ಲೋರಿನ್ ದ್ರಾವಣ, ಸುರಿಯುವ ಮೊದಲು ಚಿಟಿಕೆ ಮಣ್ಣು ತೂರಿ ಗಾಳಿ ಯಾವ ಕಡೆಗೆಂದು ನೋಡಿ, ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಯಾರೂ ಕಲಿಸಿದ್ದಲ್ಲ.

ನಾವಿದ್ದ ಕಾರ್ಖಾನೆಯ ಕ್ವಾರ್ಟರ್ಸಿನ ಹೆಂಗಸರಿಗೆ ಆತನ ಮೇಲೆ ಸಿಟ್ಟು. ನಲ್ಲಿ ನೀರು ಎಂಟು ದಿನಕ್ಕೊಮ್ಮೆ; ಎಲ್ಲರಿಗೂ ಡ್ರಮ್ ಬೇಕು. ಈತನೋ, ಹೈಪೋ ಖಾಲಿಯಾದ ಪ್ರತಿ ನೀಲಿ ಡ್ರಮ್ಮನ್ನೂ ತೊಳೆದು, ತಳಕ್ಕೆ ಮೂರು ತೂತು ಕೊರೆದು ಶೆಡ್ಡಿಗೆ ಹಾಕಿ ಬೀಗ ಜಡಿಯುತ್ತಿದ್ದ. ಅಂಥ ಡ್ರಮ್ ಮನೆಗಳಿಗೆ ಹೋಗಬಾರದು, ಪರವಾನಿಗೆ ಇದ್ದವರೇ ಒಯ್ಯಬೇಕು ಎಂಬುದು ನಿಯಮ.

“ಬಂಗಾರದಂಥಾ ಡ್ರಮ್ಮಿಗೆ ತೂತು ಹಾಕ್ತೀಯಲ್ಲೋ, ಕೈ ಕಡೀತಾವೇನು ನಿನ್ನವು?” ಎಂದು ಪಕ್ಕದ ಮನೆಯ ಪ್ರೇಮವ್ವ ಬೈಯುತ್ತಿದ್ದಳು.

“ಹೌದ ಯವ್ವಾ, ಕಡೀತಾವ. ಹಾಕಿದ್ರನ ಸಮಾಧಾನ” ಎಂದು ಆತ ನಗುತ್ತಿದ್ದ.

ನನ್ನ ಮಗಳು ನೀಲಾಗೆ ಆಗ ಎಂಟು ತಿಂಗಳು. ಬಟ್ಟೆ, ಬಾಟಲಿ, ಸ್ನಾನ, ಯಾವುದಕ್ಕೂ ನೀರು ಸಾಲದೆ ನನಗೆ ದಿನವಿಡೀ ಕಳವಳ. ಕೂಸಿಗೆ ಭೇದಿಯಾದರೆ? ಜ್ವರ ಬಂದರೆ? ಒಂದು ಮಧ್ಯಾಹ್ನ ಶೆಡ್ಡಿಗೇ ಹೋಗಿ ಡ್ರಮ್ ಕೇಳಿದೆ.

“ಬ್ಯಾಡ್ರಿ ಬಾಯಾರ. ಕೂಸಿರೋ ಮನಿಗೆ ಇದು ಬ್ಯಾಡ.”

“ಸಾಹೇಬ್ರ ಹೇಳಿ ಕಳಿಸ್ಯಾರ, ಕೊಡು.”

ಸಾಹೇಬರು ಹೇಳಿರಲಿಲ್ಲ. ಅವರು ಆ ದಿನ ಕಚೇರಿ ಕೆಲಸಕ್ಕೆ ಹಾವೇರಿಗೆ ಹೋಗಿದ್ದರು.

ಕರಬಸಪ್ಪ ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಆಗಷ್ಟೇ ಖಾಲಿಯಾದ ಡ್ರಮ್ಮೊಂದನ್ನು ಹೊತ್ತು ತಂದು ನಮ್ಮ ಬಚ್ಚಲಲ್ಲಿಟ್ಟ. “ತಳದಾಗ ಇನ್ನೂ ಹೈಪೋ ಐತ್ರಿ. ಸಂಜೀಕ ಬಂದು ನಾನ ತೊಳೀತೀನಿ. ಅಲ್ಲೀತನಕ ಮುಟ್ಟಬ್ಯಾಡ್ರಿ” ಎಂದು ಹೇಳಿ ಹೋದ.

ಸಂಜೆಯವರೆಗೆ ಕಾಯುವ ಸಹನೆ ನನಗೆಲ್ಲಿ? ವಾಸನೆ ಹೋಗಲೆಂದು, ಸಂಡಾಸು ತೊಳೆಯುವ ಆಸಿಡ್ಡಿನ ಅರ್ಧ ಬಾಟಲಿ ಅದರೊಳಗೆ ಸುರಿದೆ. ನಾನು ಹುಬ್ಬಳ್ಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಅವೆರಡೂ ಕೂಡಿದರೆ ಕ್ಲೋರಿನ್ನಿನ ವಿಷಗಾಳಿ ಏಳುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು.

ಹಳದಿ ಹೊಗೆ ಬುಸ್ಸೆಂದು ಎದ್ದಿತು. ಗಂಟಲು ಹಿಡಿದುಹೋಯಿತು. ಅಡುಗೆಮನೆಯಲ್ಲಿ ಚಾಪೆಯ ಮೇಲಿದ್ದ ನೀಲಾಳನ್ನು ಎತ್ತಿಕೊಂಡು ಹೊರಗೋಡಿ, ಕೆಮ್ಮು ತಡೆಯಲಾರದೆ ಮೆಟ್ಟಿಲ ಬಳಿ ಕುಸಿದೆ. ಪ್ರೇಮವ್ವನ ಚೀರಾಟ ಕೇಳಿ ಕರಬಸಪ್ಪ ಓಡಿ ಬಂದ.

“ಏಳ್ರಿ! ಮಾಳಿಗಿ ಹತ್ರಿ! ಅದು ನೆಲಾ ಹಿಡದು ಬರತೈತಿ, ಕೆಳಗ ಕುಂದ್ರಬ್ಯಾಡ್ರಿ!”

ಕೂಸನ್ನು ಕಸಿದುಕೊಂಡು, ನನ್ನನ್ನೂ ಎಳೆದುಕೊಂಡು ಮೇಲೆ ಹತ್ತಿಸಿದ. ಆಮೇಲೆ ಮುಖಕ್ಕೆ ಹಸಿ ಟವೆಲ್ ಸುತ್ತಿಕೊಂಡು ಒಳಗೆ ನುಗ್ಗಿ, ಡ್ರಮ್ಮನ್ನು ಬಯಲಿಗೆ ಎಳೆದು ಹಾಕಿದ. ನೀಲಾ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಎರಡು ದಿನವಿದ್ದು ಚೇತರಿಸಿಕೊಂಡಳು. ಕರಬಸಪ್ಪನ ಕೆಮ್ಮು ಹೋಗಲಿಲ್ಲ.

ತಳ ಕೊರೆಯದ ಡ್ರಮ್ ಹೊರಗೆ ಹೇಗೆ ಹೋಯಿತೆಂದು ಕಾರ್ಖಾನೆಯಲ್ಲಿ ವಿಚಾರಣೆ ನಡೆಯಿತು. “ನಾನ ಕೊಟ್ಟೇನ್ರಿ” ಎಂದಷ್ಟೇ ಹೇಳಿದನಂತೆ. ಅಂದಿನಿಂದ ಆತನನ್ನು ಗೇಟಿನೊಳಗೆ ಬಿಡಲಿಲ್ಲ. ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಗಂಡನ ಹೆಸರು ಕೆಡುತ್ತದೆ, ಮನೆ ಹೋಗುತ್ತದೆ, ಕೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೆ ಹದಿನೈದು ದಿನ ಕಳೆದವು.

ಒಂದು ದಿನ ಊಟಕ್ಕೆ ಕುಳಿತಾಗ ನನ್ನ ಗಂಡ ಅಂದರು: “ಎಲ್ಲಾರಕಿಂತಾ ಅವನ್ನ ನಂಬಿದ್ದೆ. ನಾಳೆ ಕೆಲಸದಿಂದ ತಗೀತಾರ. ನನ್ನ ಕಡೆನ ಸಹಿ ಮಾಡಸ್ತಾರ.”

ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. “ನನ್ನ ಹೆಸರು ಹೇಳಿ ತಂದಿಯೇನು?” ಎಂದು ಕೇಳಿ, ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದರು.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ನನ್ನ ಕೈಯಾರೆ ಬರೆದುಕೊಟ್ಟೆ. ನನ್ನ ಗಂಡನಿಗೆ ಎಚ್ಚರಿಕೆಯ ಪತ್ರ ಬಂತು. ಕರಬಸಪ್ಪನ ಕೆಲಸ ಉಳಿಯಿತು. ಆ ಬೆಳಿಗ್ಗೆ ಬರೆದುಕೊಟ್ಟು ಬಂದಾಗ ಆತ ಗೇಟಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ.

“ಸುಳ್ಳು ಹೇಳಿ ನಿಮಗ ಮೋಸಾ ಮಾಡಿದೆ, ಕರಬಸಪ್ಪ. ತಪ್ಪಾತು” ಎಂದೆ.

“ಸುಳ್ಳಂತ ಅವತ್ತ ಗೊತ್ತಾಗಿತ್ರಿ ಬಾಯಾರ. ಸಾಹೇಬ್ರು ಅಂಥಾ ಮಾತು ಹೇಳಾವ್ರಲ್ಲ.”

“ಮತ್ತ ಯಾಕ ಕೊಟ್ರಿ?”

ಆತ ಕೆಮ್ಮಿದ, ಸುಧಾರಿಸಿಕೊಂಡ. “ಇಲ್ಲ ಅನ್ನಾಕ ಅಂಜಿಕಿ ಬಂತ್ರಿ. ನೀವು ಸಾಹೇಬ್ರ ಮನ್ಯಾವ್ರು.”

ಅಲ್ಲಿಯವರೆಗೆ ಆತನನ್ನು ನಂಬಿಸಿ ಡ್ರಮ್ ತಂದೆನೆಂದುಕೊಂಡಿದ್ದೆ. ನಾನು ಹೆದರಿಸಿ ತಂದಿದ್ದೆ. ಅದನ್ನು ಕಚೇರಿಯ ಕಾಗದದಲ್ಲಿ ಬರೆದಿರಲಿಲ್ಲ, ಇಲ್ಲಿ ಬರೆದಿದ್ದೇನೆ.