ತೊಳೆದು ತಂದ ಕಾರು

ನರ್ಸಮ್ಮನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಮಾಂಸಕ್ಕೆ ಅಂಟಿದ ಹಾಗೆ ಕತ್ತರಿಸಿರುತ್ತಿತ್ತು. ಬೆರಳ ತುದಿ ಆಸ್ಪತ್ರೆಯ ಲೋಷನ್ನಿನಲ್ಲಿ ನೆನೆದು ನೆನೆದು ಬಿಳಚಿಕೊಂಡು ಸುಕ್ಕುಗಟ್ಟಿತ್ತು. ಹೊನ್ನಾಳಿಯ ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಆ ಹೆಬ್ಬೆರಳು ತಗಡಿನ ಕಾರಿನ ಸುತ್ತ ನಿಧಾನಕ್ಕೆ ಓಡಾಡಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಗಿಲ ಅಂಚು, ತಳದ ಅಂಚು, ಚಕ್ರದ ಸಂದು. ಎಲ್ಲಾದರೂ ತಗಡು ಚುರುಕ್ ಅಂದರೆ ಕಾರು ವಾಪಸ್ಸು. ಅಂಗಡಿಯವನು ಮುಖ ಹುಳ್ಳಗೆ ಮಾಡಿಕೊಂಡು ಇನ್ನೊಂದು ಡಬ್ಬಿ ಬಿಚ್ಚುತ್ತಿದ್ದ. ಅಂಚು ಪಾಸಾದ ಮೇಲೆ ನರ್ಸಮ್ಮ ಸೀರೆ ಒತ್ತಿಕೊಂಡು ಅಂಗಡಿಯ ನೆಲದ ಮೇಲೆಯೇ ಕೂತುಬಿಟ್ಟರು. ಐವತ್ತು ವರ್ಷದ ಹೆಂಗಸು, ಬಂದು ಹೋಗುವ ಗಿರಾಕಿಗಳ ಕಾಲ ನಡುವೆ ಕಾರು ಓಡಿಸಿ ನೋಡಿದರು. ನನಗೆ ನಾಚಿಕೆಯಾಗಿ ಪಕ್ಕದ ಬಳೆ ಅಂಗಡಿ ಕಡೆ ತಿರುಗಿ ನಿಂತೆ.

"ಮಗೀಗೆ ಕೊಡೋದನ್ನ ಮೊದ್ಲು ನಾವು ನೆಲಕ್ಕೆ ಕೂತು ಆಡಿ ನೋಡ್ಬೇಕು ತಂಗಿ," ಅಂದರು. "ನಿಂತ್ಕಂಡು ತಗಂಡಿದ್ದು ದೊಡ್ಡೋರ ಸಾಮಾನು."

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾವಾಗ ನ್ಯಾಮತಿಯಲ್ಲಿದ್ದೆವು. ನನ್ನ ಗಂಡ ಹೈಸ್ಕೂಲು ಮೇಷ್ಟ್ರು, ಅತ್ತೆ ನಮ್ಮ ಜೊತೆಗೇ ಇದ್ದರು. ನರ್ಸಮ್ಮ ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದರು. ಜಗಳೂರು ಕಡೆಯವರು. ಮಕ್ಕಳಾಗಲಿಲ್ಲ ಅಂತ ಗಂಡ ಇನ್ನೊಂದು ಮದುವೆ ಮಾಡಿಕೊಂಡಾಗ ಇವರು ಒಂದು ಟ್ರಂಕು ಹಿಡಿದು ಹೊರಬಿದ್ದು, ಟ್ರೈನಿಂಗ್ ಮುಗಿಸಿ, ಹೆರಿಗೆ ಮಾಡಿಸುವ ಕೆಲಸಕ್ಕೆ ಸೇರಿದವರು. ಊರಿನ ಅರ್ಧ ಮಕ್ಕಳನ್ನು ಮೊಟ್ಟಮೊದಲು ಮುಟ್ಟಿದ್ದು ಅವರ ಕೈ. ನನ್ನ ಮಗನನ್ನೂ. ನಾನು ನೋವಿಗೆ ಬೊಬ್ಬೆ ಹಾಕುತ್ತಿದ್ದಾಗ, "ಹೊಟ್ಟೆ ನಿಂದು, ಕೂಗು ಮಾತ್ರ ಊರಿಗೆಲ್ಲ ಯಾಕೆ ಹಂಚ್ತೀಯ?" ಅಂತ ಗದರಿದ್ದರು. ಆ ನೋವಿನಲ್ಲೂ ನನಗೆ ನಗು ಬಂದಿತ್ತು. ಅವತ್ತಿನಿಂದ ಊರಿಗೆಲ್ಲ ನರ್ಸಮ್ಮ ಆದವರು ನನಗೆ ಅಕ್ಕ ಆದರು.

ಆದರೆ ತೊಟ್ಟಿಲ ಶಾಸ್ತ್ರಕ್ಕೆ ಕರೆದರೆ ಅವರು ಬಾಗಿಲ ಹತ್ತಿರವೇ ನಿಂತು, ಎಲೆ ಅಡಿಕೆ ತಗೊಂಡು ಹೊರಟುಬಿಡುತ್ತಿದ್ದರು. ಒಳಗೆ ಬಂದು ಆರತಿ ಎತ್ತಿ ಅಂತ ಯಾರೂ ಅನ್ನುತ್ತಿರಲಿಲ್ಲ. ಹೆರದವಳ ಕಣ್ಣು ಕೂಸಿಗೆ ಒಳ್ಳೆಯದಲ್ಲವಂತೆ. ಊರಿಗೆ ಅವರ ಕೈ ಬೇಕಿತ್ತು, ಕಣ್ಣು ಬೇಡವಾಗಿತ್ತು. ನಾನೋ, ಎಸ್ಸೆಸ್ಸೆಲ್ಸಿ ಪಾಸಾದವಳು, ಇಂಥವನ್ನೆಲ್ಲ ನಂಬುವವಳಲ್ಲ ಅಂತ ಸಿಕ್ಕಸಿಕ್ಕವರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೆ. ಕೊಚ್ಚಿಕೊಂಡಷ್ಟು ಹೊತ್ತು ಚೆನ್ನಾಗಿಯೇ ಇತ್ತು.

ನನ್ನ ಮಗನಿಗೆ ಕಾರಿನ ಹುಚ್ಚು. ಆಗ ನಮ್ಮೂರ ರಸ್ತೆಯಲ್ಲಿ ದಿನಕ್ಕೆ ಎರಡು ಕಾರು ಹೋದರೆ ಅದೇ ದೊಡ್ಡದು. ಸದ್ದು ಕೇಳಿದರೆ ಸಾಕು, ಬಾಯಲ್ಲಿದ್ದ ತುತ್ತು ಬಿಟ್ಟು ಹೊರಗೆ ಓಡುತ್ತಿದ್ದ. ಜೀಪು ಯಾವುದು, ಲಾರಿ ಯಾವುದು ಅಂತ ಒಳಗಿನಿಂದಲೇ ಹೇಳುತ್ತಿದ್ದ. ಮನೆಯಲ್ಲಿ ಕಾರಿಲ್ಲದ್ದಕ್ಕೆ ಮಣೆ ಕಾರಾಯಿತು, ಬೆಂಕಿಪೊಟ್ಟಣ ಕಾರಾಯಿತು. ಅಜ್ಜಿಯ ಎಲೆ ಅಡಿಕೆ ಡಬ್ಬಿಯನ್ನು ಜಗಲಿ ಪೂರ್ತಿ ಓಡಿಸಿ ಸುಣ್ಣ ಚೆಲ್ಲಿ ಬೈಸಿಕೊಳ್ಳುತ್ತಿದ್ದ. ನಮಗೆಲ್ಲ ಅದು ಕಾಟ. ನರ್ಸಮ್ಮ ಮಾತ್ರ ಡ್ಯೂಟಿ ಮುಗಿಸಿ ಬಂದವರೇ ವೈರಿನ ಬುಟ್ಟಿ ಬದಿಗಿಟ್ಟು, ಮಣೆಯ ಹಿಂದೆ ಕೂತು, ಸೂರಗೊಂಡನಕೊಪ್ಪಕ್ಕೆ ಒಂದು ಟಿಕೆಟ್ ಕೊಡ್ರಿ ಅಂತ ಕೈ ಚಾಚುತ್ತಿದ್ದರು.

ಅವನ ಮೂರನೇ ಹುಟ್ಟುಹಬ್ಬಕ್ಕೆ ಒಂದು ನಿಜವಾದ ಆಟದ ಕಾರು ತರಬೇಕು ಅಂತ ನನಗೆ ಹಟ ಹತ್ತಿತು. ನರ್ಸಮ್ಮನಿಗೆ ತಿಂಗಳಿಗೊಮ್ಮೆ ಹೊನ್ನಾಳಿಯಲ್ಲಿ ಮೀಟಿಂಗ್ ಇರುತ್ತಿತ್ತು, ಅವರ ಜೊತೆ ಬಸ್ಸು ಹತ್ತಿದೆ. ಅಂಗಡಿಯ ಮೇಲಿನ ಹಲಗೆಯಲ್ಲಿ ನೀಲಿ ಬಣ್ಣದ ದೊಡ್ಡ ಪ್ಲಾಸ್ಟಿಕ್ ಕಾರೊಂದಿತ್ತು. ಸೆಲ್ ಹಾಕಿದರೆ ದೀಪ ಮಿನುಗಿ, ಕುಂಯ್ ಅಂತ ಕೂಗುತ್ತಿತ್ತು. ನನ್ನ ಕಣ್ಣು ಅಲ್ಲೇ ನೆಟ್ಟಿತು. ನರ್ಸಮ್ಮ ನೆಲದ ಮೇಲೆ ಕೂತವರು ತಲೆ ಎತ್ತಿ ನೋಡಿ ಅಂದರು, "ಅದು ನೋಡಾಕೆ ಐತೆ ತಂಗಿ, ಆಡಾಕಲ್ಲ."

ಹೆತ್ತವಳು ನಾನು, ನನ್ನ ಮಗನಿಗೆ ಏನು ಬೇಕು ಅಂತ ಇವರು ಹೇಳುವುದೇ? ಆ ಮಾತು ಬಾಯಿಗೆ ಬರಲಿಲ್ಲ, ಮನಸ್ಸಿಗೆ ಬಂತು. ಬಂದಿದ್ದನ್ನು ಬರಲಿಲ್ಲ ಅಂತ ಈಗ ಹೇಗೆ ಬರೆಯಲಿ? ನೀಲಿ ಕಾರನ್ನೇ ತಗೊಂಡೆ. ಅವರು ತಮ್ಮ ಹೆಬ್ಬೆರಳಿನ ಪರೀಕ್ಷೆಯಲ್ಲಿ ಪಾಸಾದ, ಅಂಗೈಯಗಲದ ಕೆಂಪು ತಗಡಿನ ಕಾರೊಂದನ್ನು ತಗೊಂಡು ಬುಟ್ಟಿಗೆ ಹಾಕಿಕೊಂಡರು.

ಹುಟ್ಟುಹಬ್ಬದ ದಿನ ನೀಲಿ ಕಾರು ಕುಂಯ್ ಅಂದಿದ್ದೇ ತಡ, ಮಗ ಕಿಟಾರನೆ ಕಿರುಚಿ ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡ. ಕೆಂಪು ಕಾರು ಕೈಗೆ ಬಂದಾಗ ಹೊಟ್ಟೆಯ ಮೇಲೆ ಮಲಗಿ, ಕೆನ್ನೆ ನೆಲಕ್ಕೆ ಹಚ್ಚಿ, ಅದರ ಚಕ್ರ ತಿರುಗುವುದನ್ನು ನೋಡುತ್ತಾ ಸಂಜೆಯವರೆಗೆ ಏಳಲಿಲ್ಲ. ನನ್ನ ಕಾರು ಗಾಜಿನ ಬೀರು ಸೇರಿತು. ಬಂದವರಿಗೆಲ್ಲ ತೋರಿಸಿ ನಾನೇ ಸಂತೋಷಪಟ್ಟೆ. ಕೆಂಪು ಕಾರು ಊಟಕ್ಕೂ ಬಂತು, ಸ್ನಾನಕ್ಕೂ ಬಂತು, ಮಲಗುವಾಗ ಅವನ ಎದೆಯ ಮೇಲಿರುತ್ತಿತ್ತು. "ನಸ್ಸಮ್ಮನ ಕಾರು" ಅಂತ ಅದಕ್ಕೆ ಅವನೇ ಹೆಸರಿಟ್ಟ. ಅಮ್ಮನ ಕಾರು ಎಲ್ಲೋ ಅಂದರೆ ಬೀರು ಕಡೆ ಬೆರಳು ತೋರಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ತಿಂಗಳು ಕಳೆಯುವಷ್ಟರಲ್ಲಿ ಮಗನಿಗೆ ಜ್ವರ ಬಂತು. ಮೂರು ದಿನವಾದರೂ ಇಳಿಯಲಿಲ್ಲ, ಕಣ್ಣು ಬಿಡದೆ ಕನವರಿಸುತ್ತಿದ್ದ. ಗಂಡ ಪರೀಕ್ಷೆ ಕೆಲಸಕ್ಕೆ ಅಂತ ಚನ್ನಗಿರಿಯಲ್ಲಿದ್ದರು. ನರ್ಸಮ್ಮ ಹೊತ್ತಿಗೊಮ್ಮೆ ಬಂದು ಒದ್ದೆ ಬಟ್ಟೆ ಹಾಕಿ, ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ ಕೊಟ್ಟು ಹೋಗುತ್ತಿದ್ದರು. ಬಂದವರೇ ಮೊದಲು ಅಂಗೈ ಮಗುಚಿ ಅವನ ಹಣೆಗೆ ಇಡುತ್ತಿದ್ದರು. ಥರ್ಮಾಮೀಟರು ಆಮೇಲೆ. ಅದು ಸುಳ್ಳು ಹೇಳಬಹುದು, ಕೈ ಹೇಳುವುದಿಲ್ಲ ಅನ್ನುವುದು ಅವರ ಮಾತು.

ಮೂರನೇ ದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅವರು ಅತ್ತ ಹೋಗುತ್ತಿದ್ದ ಹಾಗೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. "ಹೆರದವಳು ಕೊಟ್ಟಿದ್ದನ್ನ ಹುಡುಗ ಎದೆ ಮ್ಯಾಲೆ ಇಟ್ಕಂಡು ಮಲಗ್ತಾನೆ. ಜ್ವರ ಬರದೆ ಇನ್ನೇನು ಬರ್ತೈತೆ? ನಿವಾಳಿಸಿ ಒಗೆದು ಬಾ," ಅಂದರು.

ಇಷ್ಟಕ್ಕೇ ನಿಲ್ಲಿಸಿ ತಪ್ಪೆಲ್ಲ ಅತ್ತೆಯ ತಲೆಗೆ ಕಟ್ಟಬಹುದಿತ್ತು. ಎಷ್ಟೋ ವರ್ಷ ನಾನು ಹಾಗೇ ಕಟ್ಟಿದ್ದೆ. ಪಾಪ, ಅವರು ಓದಿದವರಲ್ಲ, ನಂಬಿದ್ದನ್ನು ಹೇಳಿದರು. ಆದರೆ ಅವರು ನಿಂಬೆಹಣ್ಣು ಹುಡುಕಿ ತರುವಷ್ಟರಲ್ಲಿ ನಾನು ಮಗನ ಎದೆಯ ಮೇಲಿಂದ ಕಾರು ಎಳೆದಾಗಿತ್ತು. ನಿದ್ದೆಯಲ್ಲೇ ಅವನ ಬೆರಳು ಅದನ್ನು ತಡಕಿತು. ಆ ಬೆರಳು ಬಿಡಿಸಿದವಳು ನಾನು. ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಹೆದರಿಕೆಯ ಅಡಿಯಲ್ಲಿ ಸಣ್ಣದೊಂದು ಖುಷಿಯೂ ಇತ್ತು. ಇನ್ನು ಮೇಲೆ ಇವನ ಕೈಯಲ್ಲಿ ಈ ಕಾರು ಇರುವುದಿಲ್ಲ ಅನ್ನುವ ಖುಷಿ. ಇದನ್ನು ನಾನು ಯಾರಿಗೂ ಹೇಳಿದವಳಲ್ಲ.

ಉಪ್ಪು, ಮೆಣಸಿನಕಾಯಿ, ಕುಂಕುಮ ಹಚ್ಚಿದ ನಿಂಬೆಹಣ್ಣಿನ ಜೊತೆ ಆ ಕಾರನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಊರಾಚೆ ಮೂರು ದಾರಿ ಕೂಡುವ ಕಡೆ ಹಾಕಿದೆ. ಕಾರಿಗೂ ಕುಂಕುಮ ಬಳಿದಿದ್ದೆವು. ಹಾಕಿದ ಮೇಲೆ ಹಿಂದೆ ತಿರುಗಿ ನೋಡಬಾರದು ಅಂತ ಅತ್ತೆ ಹೇಳಿದ್ದರು, ನೋಡಲಿಲ್ಲ.

ಮರುದಿನ ಬೆಳಿಗ್ಗೆ ಜ್ವರ ಇಳಿದಿತ್ತು. ಅತ್ತೆ ನನ್ನ ಕಡೆ ನೋಡಿ ತಲೆ ಆಡಿಸಿದರು. ಮೂರು ದಿನ ಚುಚ್ಚಿದ ಇಂಜೆಕ್ಷನ್ನು ಅವರಿಗೂ ನೆನಪಾಗಲಿಲ್ಲ, ಎಸ್ಸೆಸ್ಸೆಲ್ಸಿಯವಳಿಗೂ ನೆನಪಾಗಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ನರ್ಸಮ್ಮ ಬಂದರು. ಬೆಳಗಿನ ಜಾವವೇ ಎದ್ದು ಸೂರಗೊಂಡನಕೊಪ್ಪಕ್ಕೆ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಹೋಗಿದ್ದವರು, ಆ ಮೂರು ದಾರಿಯ ಮೇಲೇ ವಾಪಸ್ಸು ಬಂದಿದ್ದರು. ಬುಟ್ಟಿಯಿಂದ ಕೆಂಪು ಕಾರು ತೆಗೆದು ಹೊಸ್ತಿಲ ಮೇಲೆ ಇಟ್ಟರು.

"ದಾರೀಲಿ ಬಿದ್ದಿತ್ತು ತಂಗಿ. ಯಾರೋ ಹುಡುಗ್ರು ಎತ್ಕಂಡು ಹೋಗಿ ಬಿಸಾಕಿರಬೇಕು. ತೊಳ್ದು ತಂದೀನಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಬದಲಿಗೆ ನನ್ನ ಬಾಯಿ ಬಿಚ್ಚಿತು. "ಹೌದಾ ಅಕ್ಕಾ? ನಾವೂ ಹುಡುಕ್ತಾ ಇದ್ವಿ," ಅಂದೆ.

ಅವರು ಹೂಂ ಅಂದರು, ಅಷ್ಟೇ. ಚಪ್ಪಲಿ ಬಿಟ್ಟು ಒಳಗೆ ಬಂದು ಮಗನ ಹತ್ತಿರ ಕೂತರು. ಹಣೆಯ ಕಡೆ ಹೋದ ಕೈಯನ್ನು ಅರ್ಧದಲ್ಲೇ ಹಿಂದೆ ತಗೊಂಡರು. ಥರ್ಮಾಮೀಟರು ತೆಗೆದು ನನ್ನ ಕೈಗೆ ಕೊಟ್ಟು, ಕಂಕುಳಲ್ಲಿ ಇಡಲು ಹೇಳಿದರು. ಜ್ವರ ಇಲ್ಲ ಅಂತ ದೂರದಿಂದಲೇ ಓದಿ ಎದ್ದು ಹೋದರು. ಮಗ ತೆವಳಿಕೊಂಡು ಹೋಗಿ ಕಾರನ್ನು ತಬ್ಬಿಕೊಂಡ. ಅವನು ಮಲಗಿದ ಮೇಲೆ ಅದನ್ನು ಕೈಗೆತ್ತಿಕೊಂಡು ನೋಡಿದೆ. ಲೋಷನ್ ಹಾಕಿ ತಿಕ್ಕಿ ತೊಳೆದಿದ್ದರು. ಆದರೂ ಚಕ್ರದ ಸಂದಿನಲ್ಲಿ ಕುಂಕುಮ ಉಳಿದಿತ್ತು. ನಿಂಬೆಹಣ್ಣು, ಮೆಣಸಿನಕಾಯಿಯ ನಡುವಿನಿಂದ ಅದನ್ನು ಆರಿಸಿಕೊಂಡು ಬಂದವರಿಗೆ ಯಾವ ಹುಡುಗರ ಕೆಲಸ ಅಂತ ಗೊತ್ತಾಗದೇ ಇರುತ್ತದೆಯೇ? ನನಗೆ ಬೇಕಾದ ಸುಳ್ಳನ್ನೂ ಅವರೇ ಹೊಂದಿಸಿಕೊಂಡು ತಂದಿದ್ದರು. ನಾನು ಬಾಯಿ ತೆರೆದು ನುಂಗಿದೆ.

ಬರುವುದನ್ನೇನೂ ಅವರು ಬಿಡಲಿಲ್ಲ. ನಗು ಅದೇ, ಗದರುವುದು ಅದೇ. ಮಣೆಯ ಹಿಂದೆ ಕೂತು ಟಿಕೆಟ್ ಕೇಳುವುದು ಮಾತ್ರ ನಿಂತಿತು. ಮಗ ಕಾರು ಹಿಡಿದು ಓಡಿ ಬಂದರೆ, ಕೈ ಕೊಳೆ ಐತೆ ಮರಿ, ಅಂತ ಸೆರಗಿನೊಳಗೆ ಕೈ ಹಾಕಿಕೊಳ್ಳುತ್ತಿದ್ದರು. ನಾನು ಕಂಡಂತೆ ಆ ಊರಲ್ಲೇ ಅಷ್ಟು ಚೊಕ್ಕಟ ಕೈ ಇನ್ನೊಂದಿರಲಿಲ್ಲ.

ಮುಂದಿನ ಹುಟ್ಟುಹಬ್ಬಕ್ಕೆ, ಬನ್ನಿ ಅಕ್ಕಾ, ನೀವೇ ಆರಿಸಿಕೊಡಿ ಅಂತ ಬಲವಂತ ಮಾಡಿದೆ. ಹೇಗಾದರೂ ಮಾಡಿ ಹಳೆಯದನ್ನು ಒರೆಸಿಬಿಡುವ ಆಸೆ. ಬಂದರು. ಅದೇ ಅಂಗಡಿ. ಅಂಗಡಿಯವನು ನಗುತ್ತಾ ಡಬ್ಬಿಗಳನ್ನು ಬಿಚ್ಚಿ, ಬರ್ರಿ ನರ್ಸಮ್ಮ, ಬೆರಳಾಡಿಸ್ರಿ ಅಂದ. ಅವರು ಕೂರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. "ನೀನೇ ನೋಡು ತಂಗಿ. ಅಂಚು ಕುಯ್ತೈತಾ?" ಅಂದರು.

ನಾನು ಬೆರಳಾಡಿಸಿದೆ. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ಅವರ ಮುಖ ನೋಡಿದೆ. ಅವರು ಹೊರಗೆ ಬಸ್ಸಿನ ಕಡೆ ನೋಡುತ್ತಿದ್ದರು. ಯಾವುದೋ ಒಂದನ್ನು ತಗೊಂಡು ಬಂದೆ. ನಾಲ್ಕೇ ದಿನದಲ್ಲಿ ಮಗನ ಅಂಗೈ ಕುಯ್ಯಿತು.

ಆಮೇಲೆ ಅವರಿಗೆ ಬಸವಾಪಟ್ಟಣಕ್ಕೆ ವರ್ಗವಾಯಿತು. ಅಲ್ಲಿಂದ ರಿಟೈರಾಗಿ ಜಗಳೂರಿನಲ್ಲಿ ತಮ್ಮನ ಮನೆ ಸೇರಿದರು. ಒಮ್ಮೆ ಮದುವೆಗೆ ಅಂತ ಜಗಳೂರಿಗೆ ಹೋದವಳು ಅವರ ಬೀದಿ ಕೇಳಿಕೊಂಡು, ಬೀದಿಯ ತುದಿಯವರೆಗೂ ಹೋಗಿದ್ದೆ. ಹೋಗಿ ಏನು ಹೇಳಬೇಕಿತ್ತು? ಅಕ್ಕಾ, ಅವತ್ತು ಯಾವ ಹುಡುಗರೂ ಎತ್ತಿಕೊಂಡು ಹೋಗಿರಲಿಲ್ಲ ಅಂತಲೇ? ಅಲ್ಲಿಂದಲೇ ಹಿಂದಿರುಗಿ ಬಸ್ ಸ್ಟ್ಯಾಂಡಿಗೆ ಬಂದೆ. ಎಂಬತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡ ಸುದ್ದಿ, ಶಿವಮೊಗ್ಗದ ಬಸ್ಸಿನಲ್ಲಿ ಸಿಕ್ಕ ಹಳೆಯ ಕಾಂಪೌಂಡರ್ ಬಾಯಿಂದ ತಿಳಿಯಿತು. ಮಣ್ಣಿಗೂ ಹೋಗಲಾಗಲಿಲ್ಲ.

ಒಂದು ಮಾತು ಉಳಿಸಿಕೊಂಡಿದ್ದೇನೆ. ಅದನ್ನು ಹೇಳದಿದ್ದರೆ ಇಷ್ಟು ಬರೆದಿದ್ದೂ ದಂಡ.

ಅವರಿಗೆ ವರ್ಗವಾಗುವ ಮೊದಲು ನನಗೆ ಎರಡನೇ ಹೆರಿಗೆ. ನಡು ಮಧ್ಯಾಹ್ನ ನೋವು ಕಾಣಿಸಿಕೊಂಡಿತು, ಆಸ್ಪತ್ರೆಗೆ ಹೋಗುವಷ್ಟೂ ಪುರುಸೊತ್ತಿರಲಿಲ್ಲ. ಓಡಿಹೋಗಿ ನರ್ಸಮ್ಮನನ್ನು ಕರೆತಂದವರು ಯಾರು ಅಂದುಕೊಂಡಿರಿ? ಅತ್ತೆಯೇ. ನರ್ಸಮ್ಮ ಬಂದವರು ಎಂದಿನಂತೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದರು. ಒದ್ದೆ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದುಕೊಂಡು ನನ್ನ ಹತ್ತಿರ ಬಂದು ನಿಂತರು. ಆಮೇಲೆ ಬಗ್ಗಿ, ಅತ್ತೆಗೆ ಕೇಳಿಸದಷ್ಟು ಮೆಲ್ಲಗೆ ನನ್ನನ್ನು ಕೇಳಿದರು.

"ಮುಟ್ಲಾ ತಂಗಿ?"

ಗದರುವ ಹೆಂಗಸು ಅವರು, ಕೇಳಿ ಮುಟ್ಟಿದವರೇ ಅಲ್ಲ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಮಾತೂ ಅದಾಗಿರಲಿಲ್ಲ. ನಿಜವಾಗಿಯೂ ನನ್ನ ಒಪ್ಪಿಗೆಗೆ ಕಾಯುತ್ತಿದ್ದರು. ತಪ್ಪಾಯಿತು ಅಕ್ಕಾ ಅನ್ನಲು ದೇವರು ನನಗೆ ಕೊಟ್ಟಿದ್ದು ಅದೊಂದೇ ಗಳಿಗೆ. ನನ್ನ ಬಾಯಿಂದ ಬಂದದ್ದು, "ಬೇಗ ಅಕ್ಕಾ, ಬೇಗ," ಅಂತ ಮಾತ್ರ.

ಮಗಳ ಕೊರಳಿಗೆ ಹೊಕ್ಕುಳ ಹುರಿ ಸುತ್ತಿಕೊಂಡಿತ್ತು. ಅದನ್ನು ಬಿಡಿಸಿದ್ದು ಅದೇ ಹೆಬ್ಬೆರಳು.